ಹೊಸ ಬ್ರೇಕು, ಮಾಗನೂರಿನ ರಸ್ತೆ

ಮಕ್ತಲ್‌ನ ಹಂಪಣ್ಣ ಬಾಡಿಗೆ ಕಾರು ಓಡಿಸುವವನು. ಗದ್ವಾಲ, ನಾರಾಯಣಪೇಟೆ, ರಾಯಚೂರು, ಎಲ್ಲಿಗೆ ಹೊರಟರೂ ದಾರಿಯಲ್ಲಿ ಕೈ ಎತ್ತಿದವರನ್ನು ಹತ್ತಿಸಿಕೊಳ್ಳುವ ಮನುಷ್ಯ ಎಂದು ಊರೆಲ್ಲ ಹೊಗಳುತ್ತಿತ್ತು. ಅವನೂ ಹಾಗೆಂದೇ ನಂಬಿದ್ದ.

ನಾರಾಯಣಪೇಟೆ ಜಿಲ್ಲೆಯಾದ ವರ್ಷ ಅವನು ಕಾರಿಗೆ ಹೊಸ ಬ್ರೇಕ್ ಪ್ಯಾಡು, ಅದು ಒತ್ತಿ ಹಿಡಿಯುವ ಗಾಲಿಯ ಹೊಸ ಡಿಸ್ಕು ಹಾಕಿಸಿದ. ಹಾಕಿಸಿದ ಕೂಡಲೇ ಅವು ಸರಿಯಾಗಿ ಹಿಡಿಯುವುದಿಲ್ಲ, ಒಂದಕ್ಕೊಂದು ಹೊಂದಿಕೊಳ್ಳಬೇಕು. ಅದಕ್ಕೆ ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಬ್ರೇಕ್ ಒತ್ತಿ, ಕಾರು ಇನ್ನೇನು ನಿಂತಿತು ಅನ್ನುವಾಗ ಮತ್ತೆ ಓಡಿಸಬೇಕು. ಮೇಲಿಂದ ಮೇಲೆ ಹೀಗೆಯೇ. ಪೂರ್ತಿ ನಿಲ್ಲಿಸಿದರೆ ಕಾದ ಪ್ಯಾಡು ಡಿಸ್ಕಿಗೆ ಒಂದೇ ಕಡೆ ಮೆತ್ತಿಕೊಂಡು, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಕಾರು ನಡುಗುತ್ತದೆ.

ಹಂಪಣ್ಣ ಮಾಗನೂರಿನ ರಸ್ತೆ ಆರಿಸಿಕೊಂಡ. ಹೊಸ ರಾಜ್ಯ ಬಂತು, ಹೊಸ ಜಿಲ್ಲೆ ಬಂತು, ಅಗಲವಾದ ಡಾಂಬರು ಬಂತು. ಡಾಂಬರಿನ ಅಂಚಿನಲ್ಲಿ ಗಂಟು ಹಿಡಿದು ನಿಂತ ಜನಕ್ಕೆ ಬಸ್ಸು ಮಾತ್ರ ಬರಲಿಲ್ಲ. ಅವತ್ತು ನಿಂತವರು ಮೈಲಮ್ಮ ಮತ್ತು ಅವಳ ಗಂಡ ಕಿಷ್ಟಪ್ಪ. ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಮೇಸ್ತ್ರಿಯ ಲಾರಿ ಮಕ್ತಲ್‌ನಿಂದ ಹೊರಡುವುದಿತ್ತು. ಅದು ತಪ್ಪಿದರೆ ಆ ಬೇಸಿಗೆಯ ಕೆಲಸವೇ ತಪ್ಪಿದಂತೆ.

ಕಾರು ಅವರ ಹತ್ತಿರ ನಿಧಾನವಾಯಿತು. ಇಬ್ಬರೂ ಗಂಟು, ಪಾತ್ರೆ ಎತ್ತಿಕೊಂಡು ಓಡಿದರು. ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅದು ಹೋಗಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಸುತ್ತಿ ಬಂದು ಮತ್ತೆ ನಿಧಾನವಾಯಿತು. ಪಾಪ, ಮನಸ್ಸು ಬದಲಾಯಿಸಿದ್ದಾನೆ ಎಂದು ಮತ್ತೆ ಓಡಿದರು. ಮೈಲಮ್ಮನ ಪಾತ್ರೆಗಳು ರಸ್ತೆಯ ಮೇಲೆ ಚೆಲ್ಲಾಪಿಲ್ಲಿಯಾದವು. ಮತ್ತೊಮ್ಮೆ ಬಂದಾಗ ಕಿಷ್ಟಪ್ಪ ಎರಡೂ ಕೈ ಎತ್ತಿ ಅಡ್ಡ ನಿಂತ. ಕಾರು ಅವನನ್ನು ಬಳಸಿಕೊಂಡು ಹೋಯಿತು. ಹಂಪಣ್ಣ ಬೇರೆ ಜಾಗದಲ್ಲಿ ಬ್ರೇಕ್ ಒತ್ತಬಹುದಿತ್ತು, ಕಿಟಕಿಯಿಂದ ಕೂಗಿ ಹೇಳಬಹುದಿತ್ತು. ಇಂಥ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿದವರಿಗೆ ಬಾಯಿ ಇರುವುದಿಲ್ಲ, ಹಾರ್ನ್ ಇರುತ್ತದೆ.

ಬ್ರೇಕ್ ಹೊಂದಿಕೊಂಡು, ಅದರ ಕಾವು ಆರಿದ ಮೇಲೆ ಹಂಪಣ್ಣ ತಿರುಗಿ ಬಂದ. ಅವರು ಮಕ್ತಲ್ ಕಡೆ ನಡೆಯುತ್ತಿದ್ದರು. ಪಕ್ಕದಲ್ಲೇ ಕಾರು ನಿಲ್ಲಿಸಿದರೂ ತಿರುಗಿ ನೋಡಲಿಲ್ಲ. ಹಂಪಣ್ಣ ಇಳಿದು ಅವರ ಹಿಂದೆ ಓಡಿದ.

"ಯವ್ವಾ, ಹೊಸ ಬ್ರೇಕ್ ಹಾಕ್ಸೀನ್ರಿ. ನಿಲ್ಲಿಸಿದ್ರ ಕೆಡ್ತಿತ್ತು."

"ಕೆಡಬಾರ್ದು ಬಿಡಪ್ಪ," ಎಂದಳು ಮೈಲಮ್ಮ, ನಡೆಯುತ್ತಲೇ. "ನಾವು ಓಡಿದ್ದು ಕಾಣಲಿಲ್ಲೇನು ನಿನಗ?"

ಹಂಪಣ್ಣ ತಲೆ ತಗ್ಗಿಸಿದ. "ಕಾಣ್ತಿತ್ತು ಯವ್ವಾ."

ಸುಳ್ಳು ಹೇಳಲಿಲ್ಲ, ನಿಜ. ಅದಕ್ಕಾಗಿ ಅವನನ್ನು ಹೊಗಳಲು ನನಗೆ ಮನಸ್ಸಿಲ್ಲ.

"ಈಗರ ನಿಂತೈತೋ, ಹತ್ತಾಕ ಹೋದ್ರ ಮತ್ತ ಓಡ್ತೈತೋ?" ಎಂದು ಕೇಳಿಯೇ ಕಿಷ್ಟಪ್ಪ ಹತ್ತಿದ್ದು.

ಮಕ್ತಲ್‌ನಲ್ಲಿ ಲಾರಿ ಆಗಲೇ ಹೊರಟಿತ್ತು. ಹಂಪಣ್ಣ ಬೆನ್ನು ಹತ್ತಿ, ಹೈದರಾಬಾದಿನ ದಾರಿಯ ಮರಿಕಲ್‌ನಲ್ಲಿ ಚಹದಂಗಡಿ ಮುಂದೆ ಅದನ್ನು ಹಿಡಿದ. ಇವರ ಜಾಗಕ್ಕೆ ದಾಮರಗಿದ್ದದ ಗಂಡ ಹೆಂಡತಿಯನ್ನು ಹತ್ತಿಸಿಕೊಂಡಾಯಿತು ಎಂದ ಮೇಸ್ತ್ರಿ. ತಪ್ಪು ತನ್ನದು, ಅವರನ್ನು ಇಳಿಸಿ ಇವರನ್ನು ಕರೆದುಕೊಳ್ಳಿ ಎಂದು ಹಂಪಣ್ಣ ಕೈಮುಗಿದ. ಮೈಲಮ್ಮ ಅವನ ತೋಳು ಹಿಡಿದು ಎಳೆದಳು.

"ಅವರೂ ಗಂಟು ಕಟ್ಕೊಂಡೇ ಬಂದಾರ. ಇಳಿಸಾಕ ನೀ ಯಾರು?"

ಹಂಪಣ್ಣ ಇಬ್ಬರನ್ನೂ ಮಾಗನೂರಿಗೆ ವಾಪಸು ತಂದು ಬಿಟ್ಟ. ಓಣಿಯ ಜನ ಸೇರಿ, ಹೋದವರು ಹಿಂಗ್ಯಾಕೆ ಬಂದಿರಿ ಎಂದು ಕೇಳಿದರು. ಹಂಪಣ್ಣ ಬೈಗುಳಕ್ಕೆ ಸಿದ್ಧನಾಗಿ ಕಾರಿನ ಪಕ್ಕ ನಿಂತ.

"ಲಾರಿ ತಪ್ಪಿತು," ಎಂದಷ್ಟೇ ಹೇಳಿ ಮೈಲಮ್ಮ ಒಳಗೆ ಹೋಗಿ ಗಂಟು ಬಿಚ್ಚತೊಡಗಿದಳು. ಇಷ್ಟು ದೂರ ತಂದುಬಿಟ್ಟ ಪುಣ್ಯಾತ್ಮನೆಂದು ಓಣಿಯವರು ಹಂಪಣ್ಣನ ಕೈಗೆ ನೀರಿನ ಚೆಂಬು ಕೊಟ್ಟರು.