ಅಂಗೈಗೆ ಬಿಚ್ಚುವ ಕೊಂಡಿ

ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಕೊಂಡಿ ಮಾವ. ಆಯುಧ ಕಾರ್ಖಾನೆಯಲ್ಲಿ ಹೊಸ ಹೊಸ ಸಲಕರಣೆಗಳನ್ನು ರೂಪಿಸುವುದು ಅವರ ಕೆಲಸ. ಬಂದೂಕಿನ ಕುದುರೆ, ಬಾಂಬನ್ನು ಹಿಡಿದಿಡುವ ಕೊಕ್ಕೆ, ವಿಮಾನದ ಚಕ್ರ ಮಡಚುವ ಕೀಲು, ಒಂದೇ ಎರಡೇ? ಏನಾದರೂ ಹೊಳೆದರೆ ಸಾಕು, ಊಟದ ತಟ್ಟೆಯ ಅಂಚಿನಲ್ಲೇ ಒದ್ದೆ ಬೆರಳಿನಿಂದ ಗೆರೆ ಎಳೆಯುವರು.

"ಮೊದ್ಲು ತಿನ್ನಿ, ಆಮೇಲೆ ಯುದ್ಧ ಮಾಡಿ" ಎಂದು ಅವರ ಹೆಂಡತಿ, ನಮ್ಮೆಲ್ಲರ ಅತ್ತೆ, ಗದರುವರು.

ಒಮ್ಮೆ ವಿಮಾನವೊಂದು ಇಳಿಯುವಾಗ ಮಗುಚಿ ಹೊತ್ತಿಕೊಂಡಿತು. ಸೀಟಿಗೆ ಬಿಗಿದ ಸೊಂಟದ ಪಟ್ಟಿಯ ಕೊಂಡಿ ಬಿಚ್ಚಲಾಗದೆ ಪೈಲಟ್ ಒಳಗೇ ಉಳಿದುಹೋದ. ಆ ಕೊಂಡಿ ಮಾವನದು. ವಿಚಾರಣೆಯಲ್ಲಿ ಅವರ ಮೇಲೆ ತಪ್ಪೇನೂ ಬರಲಿಲ್ಲ. ಆದರೂ ತಟ್ಟೆಯ ಮೇಲಿನ ಗೆರೆಗಳು ನಿಂತುಹೋದವು. ಇನ್ನೊಬ್ಬ ಹಾಗೆ ಸಿಕ್ಕಿಕೊಳ್ಳಬಾರದು ಎಂಬುದೊಂದೇ ಅವರ ಜಪವಾಯಿತು.

ಹೊಸ ಕೊಂಡಿ ಸಿದ್ಧವಾಯಿತು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಬಿಚ್ಚಿದರು. ಆದರೂ ಮಾವನಿಗೆ ಸಮಾಧಾನವಿಲ್ಲ. ಮನೆಯ ಕುರ್ಚಿಗೆ ಪಟ್ಟಿ ಬಿಗಿದು, ಹಿಟ್ಟು ಕಲಸುತ್ತಿದ್ದ ಅತ್ತೆಯನ್ನು ಕರೆದು ಕೂರಿಸಿದರು.

"ಈಗ ಬಿಚ್ಚು."

"ಇದೇನು ಕೊಂಡಿನೋ, ನಿಮ್ಮಕ್ಕನ ಗಂಟುಮುಖನೋ? ಸಡಿಲಾನೇ ಆಗಲ್ಲ."

"ಹೆಬ್ಬೆರಳಿಂದ ಒತ್ತು."

"ಒತ್ತಿದ್ರೆ ಜಾರುತ್ತೆ. ಅಲ್ಲಿ ಹಾಲು ಉಕ್ತಿದೆ, ಬಿಚ್ರೀ."

ಮಾವ ಬಿಚ್ಚಲಿಲ್ಲ, ಜಾರುವ ಆ ಹೆಬ್ಬೆರಳನ್ನೇ ನೋಡುತ್ತ ನಿಂತರು. ಸೀದ ವಾಸನೆಗೆ ಪಕ್ಕದ ಮನೆಯಿಂದ ಓಡಿಬಂದ ನಾನೇ ಒಲೆ ಆರಿಸಬೇಕಾಯಿತು.

"ನಮ್ಮ ಕಾರ್ಖಾನೆಯವರ ಬೆರಳೆಲ್ಲ ಕಬ್ಬಿಣ ಹಿಡಿದು ಕಬ್ಬಿಣವೇ ಆಗಿವೆ ಕಣಮ್ಮ" ಎಂದರು ಮಾವ ನನಗೆ. "ಆ ಬೆರಳಲ್ಲೇ ಎಲ್ಲಾ ಪರೀಕ್ಷೆ ಮಾಡ್ತಾ ಬಂದ್ವಿ. ಬೆವೆತ ಕೈ, ನಡುಗೋ ಕೈ ಯಾರಿಗೂ ನೆನಪಾಗ್ಲಿಲ್ಲ."

"ಪಾಠ ಆಮೇಲೆ, ಮೊದ್ಲು ನನ್ನ ಬಿಡಿಸಿ" ಎಂದರು ಅತ್ತೆ.

ಮುಂದಿನ ಕೊಂಡಿಗೆ ಅಗಲವಾದ ಮುಚ್ಚಳ ಬಂತು. ಅಂಗೈಯಿಂದ ತಟ್ಟಿದರೆ ತೆರೆದುಕೊಳ್ಳುವಂಥದು. ಸೋಪು ಹಚ್ಚಿದ ಕೈ, ಎಡಗೈ, ಮೊಣಕೈ, ಎಲ್ಲದರ ಪರೀಕ್ಷೆಗೂ ಕುರ್ಚಿಯಲ್ಲಿ ಅತ್ತೆಯೇ. ಕಾರ್ಖಾನೆ ಅದನ್ನು ಒಪ್ಪಿಕೊಂಡಿತು.

ಕೆಲವು ವರ್ಷಗಳ ನಂತರ ಇನ್ನೊಂದು ವಿಮಾನ ಹೊಲದಲ್ಲಿ ಬಿತ್ತು. ಅದರ ಪೈಲಟ್, ಎರಡೂ ಮಣಿಕಟ್ಟಿಗೆ ಗಾಯದ ಪಟ್ಟಿ ಸುತ್ತಿಕೊಂಡು, ವಿಳಾಸ ಕೇಳಿಕೊಂಡು ಮಾವನ ಮನೆಗೆ ಬಂದ.

"ಬೆರಳು ಆಡ್ತಿರ್ಲಿಲ್ಲ. ಮೊಣಕೈಯಲ್ಲಿ ಗುದ್ದಿದೆ, ಬಿಚ್ಕೊಂಡ್ತು" ಎಂದ.

ಅತ್ತೆ ಅವನ ಬಾಯಿಗೆ ಹಾಲಿನ ಲೋಟ ಹಿಡಿದು, "ಕುಡಿಯಪ್ಪ. ನನ್ನ ಹಾಲು ಅವತ್ತು ಸುಮ್ನೆ ಉಕ್ಲಿಲ್ಲ ಬಿಡು" ಎಂದರು.

ಮಾವನ ಬಂದೂಕುಗಳು ಇಂದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರಿವೆ. ಆ ಕೊಂಡಿ ಮಾತ್ರ ಇನ್ನೂ ಕೆಲಸದಲ್ಲಿದೆ. ಪೈಲಟ್ ಬಂದ ಆ ದಿನ ಊಟಕ್ಕೆ ನಾನೂ ಇದ್ದೆ. ಮಾವನ ಒದ್ದೆ ಬೆರಳು ತಟ್ಟೆಯ ಅಂಚಿನಲ್ಲಿ ಮೆಲ್ಲಗೆ ಓಡಾಡತೊಡಗಿತು. ಅತ್ತೆ ಅದನ್ನು ನೋಡಿ, ಗದರದೆ, ತಟ್ಟೆಯನ್ನು ಬೆಳಕಿನ ಕಡೆಗೆ ತುಸು ಸರಿಸಿದರು.