ಸಿರಿಯ ಹಲ್ಲು ಮತ್ತು ಶನಿವಾರದ ಕ್ಲಾಸು

ಕಳೆದ ತಿಂಗಳು ನನ್ನ ಮಗಳು ಇನ್ನೊಬ್ಬರ ಮಗನ ಕೈ ಕಚ್ಚಿದಳು.

ಅದೂ ಹೇಗೆ ಅಂತೀರಿ? ಹಲ್ಲಿನ ಗುರುತು ಹುಡುಗ ಮನೆ ಸೇರಿದ ಮೇಲೂ ಮಾಸಿರಲಿಲ್ಲವಂತೆ. ವಡೋದರಾದ ಅಲ್ಕಾಪುರಿಯಲ್ಲಿ ಅವಳ ನರ್ಸರಿ. ಸಿರಿಗೆ ನಾಲ್ಕು ವರ್ಷ. ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, "ಬೆನ್, ಇನ್ನೊಂದು ಸಲ ಹೀಗಾದರೆ ಇವಳನ್ನು ಇಟ್ಕೊಳ್ಳೋಕಾಗಲ್ಲ" ಅಂದರು (ಬೆನ್ ಅಂದರೆ ಇಲ್ಲಿ ಅಕ್ಕ). ಒಂದು ದಾರಿಯನ್ನೂ ತೋರಿಸಿದರು. ಶನಿವಾರ ಮಧ್ಯಾಹ್ನ ಅಪ್ಪ ಅಮ್ಮಂದಿರಿಗೇ ಕ್ಲಾಸು. ಫೀಸು ಬೇರೆ.

ನಮ್ಮ ಯಜಮಾನರು ಬ್ಯಾಂಕಿನಲ್ಲಿ ಸಾಲ ಕೊಡುವ ಆಫೀಸರ್ (ಪಾಪ, ಲೆಕ್ಕ ಕೇಳೋ ಚಟ ಎಲ್ಲಿ ಹೋಗುತ್ತೆ). "ಮಕ್ಕಳನ್ನ ಸಾಕೋಕೂ ಟ್ಯೂಷನ್ನಾ? ದುಡ್ಡು ಹಾಕಿದರೆ ಬರೋದೇನು?" ಅಂತ ರೇಗಿದರು. ಆದರೂ ಬಂದರು.

ಕ್ಲಾಸಿನ ಮೇಡಂ ಹಿಂದಿಯಲ್ಲಿ ಕೇಳಿದರು, "ಸಂಜೆ ಮಗು ಜೊತೆ ಏನು ಮಾತಾಡ್ತೀರಿ?"

ನಾವು ಹೆಮ್ಮೆಯಿಂದಲೇ ಹೇಳಿದೆವು. ದಾವಣಗೆರೆಯಿಂದ ಟ್ರಾನ್ಸ್‌ಫರ್ ಆಗಿ ಬಂದವರು ನಾವು. ಮಗು ಬೇಗ ಹೊಂದಿಕೊಳ್ಳಲಿ ಅಂತ ದಿನಾ ಪ್ರಾಕ್ಟೀಸ್ ಮಾಡಿಸ್ತೀವಿ. ನೀರಿಗೆ ಗುಜರಾತಿಯಲ್ಲಿ ಏನು? ಬಾಗಿಲಿಗೆ ಇಂಗ್ಲಿಷ್‌ನಲ್ಲಿ ಏನು? ತಪ್ಪಿದರೆ ಮತ್ತೊಮ್ಮೆ.

"ಅಯ್ಯೋ, ಹಗಲೆಲ್ಲ ಮಾತು ಬಾರದೆ ಒದ್ದಾಡೋ ಕೂಸಿಗೆ ಸಂಜೆ ಪರೀಕ್ಷೆನಾ?" ಅಂದರು ಮೇಡಂ. ಬೈಯಲಿಲ್ಲ, ನಕ್ಕರು.

ಹೋಂವರ್ಕ್ ನಮಗೇ ಸಿಕ್ಕಿತು. ದಿನಾ ಸ್ವಲ್ಪ ಹೊತ್ತು ಅವಳ ಆಟದಲ್ಲಿ ಸೇರಿ. ನಿಮ್ಮ ಭಾಷೆಯಲ್ಲೇ ಮಾತಾಡಿ. ಒಂದೂ ಪ್ರಶ್ನೆ ಕೇಳಬೇಡಿ.

ಪ್ರಶ್ನೆ ಕೇಳದೆ ಇರೋದು! ಅದೂ ಸಾಲದ ಆಫೀಸರ್! ಯಜಮಾನರು ಹೊಸದಾಗಿ ಕೊಂಡ ಮೊಬೈಲನ್ನು ಅಡುಗೆಮನೆಯಲ್ಲಿಟ್ಟು ಬಂದು, ಆಫೀಸು ಪ್ಯಾಂಟಿನಲ್ಲೇ ನೆಲದ ಮೇಲೆ ಕೂತರು. ಸಿರಿ ಖಾಲಿ ಲೋಟದಲ್ಲಿ ಚಹಾ ಕೊಟ್ಟಳು. ಕುಡಿದರು. ಇನ್ನೊಂದು ಕೊಟ್ಟಳು. ಅದನ್ನೂ ಕುಡಿದು, "ಶುಂಠಿ ಚೆನ್ನಾಗಿದೆ" ಅಂದರು. ಮಗಳು ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ! ಆಮೇಲೆ ಅವರ ತೊಡೆ ಹತ್ತಿ, "ಅಲ್ಲಿ ಯಾರಿಗೂ ನನ್ನ ಮಾತು ಗೊತ್ತಾಗಲ್ಲಪ್ಪಾ" ಅಂದಳು. ನಾವು ಕೇಳದೇ ಇದ್ದಾಗ ತಾನಾಗಿ ಬಂದ ಉತ್ತರ ಅದು.

ಈ ಸೋಮವಾರ ಅದೇ ಹುಡುಗ ಅವಳ ಕ್ರೇಯಾನ್ ಕಿತ್ತುಕೊಂಡನಂತೆ. ಸಿರಿ ಬಾಯಿ ತೆರೆದಳಂತೆ. ಟೀಚರ್ ಓಡಿ ಬರುವಷ್ಟರಲ್ಲಿ, "ಕೊಡೋ, ಅದು ನಂದು!" ಅಂತ ಅಪ್ಪಟ ಕನ್ನಡದಲ್ಲಿ ಗದರಿದಳಂತೆ (ಏನಂದೆ ಅಂತ ಆಮೇಲೆ ಸಿರಿಯೇ ಹೇಳಿದಳು). ಹುಡುಗ ಕೊಟ್ಟೇಬಿಟ್ಟ.

"ಏನಂದಳೋ ತಿಳೀಲಿಲ್ಲ ಬೆನ್, ಆದರೆ ಕಚ್ಚಲಿಲ್ಲ. ಇಲ್ಲೇ ಇರಲಿ ಬಿಡಿ" ಅಂದರು ಟೀಚರ್. ನಾನು ಗೇಟಿನಲ್ಲೇ ಅತ್ತುಬಿಟ್ಟೆ.

ಇಂಥ ಕ್ಲಾಸಿನಿಂದ ಲಾಭವೇನು ಅಂತ ಕೇಳುವವರು ಇದ್ದಾರೆ. ಕಷ್ಟ ಇರೋದೇ ಅಲ್ಲಿ ನೋಡಿ. ಕಚ್ಚಿದ್ದು ಎಲ್ಲರಿಗೂ ಕಾಣುತ್ತೆ. ಕಚ್ಚದೇ ಬಿಟ್ಟದ್ದು ಯಾರ ಕಣ್ಣಿಗೆ ಬೀಳುತ್ತೆ? ಕೈ ತಪ್ಪದ ಸೀಟು, ನಡೆಯದ ಜಗಳ, ಈ ಮಗು ಮುಂದೆ ಆಗದೇ ಉಳಿಯುವ ಸಿಡುಕಿ ಹೆಂಗಸು, ಇವೆಲ್ಲ ಲಾಭವಲ್ಲದೆ ಮತ್ತೇನು?

ಟ್ರಾನ್ಸ್‌ಫರ್ ಆದಾಗ ಬೀರುವಿಗೆ ಲಾರಿ ಬಾಡಿಗೆ ಕೊಡುವ ಬ್ಯಾಂಕು, ಬೀರುವಿನ ಜೊತೆ ಬಂದ ಮಗುವಿಗೋಸ್ಕರ ಈ ಕ್ಲಾಸಿನ ಫೀಸು ಕೊಡಬಾರದೇ?