ದೇವಿಯನ್ನು ತೂಗುಹಾಕಿದ ತಂತಿ

ಅರವತ್ತರ ದಶಕದಲ್ಲಿ ನಾನು ತಮಿಳು ಸೀಮೆಯ ಕಂಬಂ ಕಣಿವೆಯ ಒಂದು ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದೆ. ಒಂದೇ ಚಿತ್ರವನ್ನು ಹದಿನೈದು ದಿನ ಓಡಿಸಿದರೆ ದೇವರ ಮೇಲೂ ಬೇಸರ ಬರುತ್ತದೆ. ಪುರಾಣದ ಚಿತ್ರಗಳಿಗಂತೂ ಜನ ಕರ್ಪೂರ, ತೆಂಗಿನಕಾಯಿ ಹಿಡಿದೇ ಬರುತ್ತಿದ್ದರು. ಪರದೆಯ ಮೇಲೆ ದೇವಿ ಬಂದರೆ ಸಾಕು, ಇಡೀ ಟೆಂಟು ಎದ್ದು ತಲೆಯ ಮೇಲೆ ಕೈ ಜೋಡಿಸುತ್ತಿತ್ತು. ಆಮೇಲೆ ಕಾಯಿಯ ಚಿಪ್ಪು ಗುಡಿಸುವವನೂ ನಾನೇ.

ನಮ್ಮವ್ವ ಎಲ್ಲರಿಗಿಂತ ಮುಂದೆ, ಮರಳಿನ ಮೇಲೆ ಕೂರುತ್ತಿದ್ದಳು. ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟಗಳಲ್ಲಿ, ಚಪ್ಪರದಡಿ ದಿನವಿಡೀ ಕೈಯೆತ್ತಿ ಬಳ್ಳಿ ಕಟ್ಟಿ, ಗೊನೆ ಕತ್ತರಿಸಿ ನನ್ನನ್ನು ಸಾಕಿದವಳು. ಕೆಲವು ತಿಂಗಳಿಂದ ತಲೆ ಬಾಚಿಸಿಕೊಳ್ಳಲು ಪಕ್ಕದ ಮನೆಗೆ ಹೋಗುತ್ತಿದ್ದಳು. ಮುದಿವಯಸ್ಸಿಗೆ ಸಿಂಗಾರ ಬಂತೆಂದು ನಾನು ನಗುತ್ತಿದ್ದೆ.

ಆ ಸಲ ಚಿತ್ರದ ಡಬ್ಬಿಗಳ ಜೊತೆ ಒಂದು ಚಿಕ್ಕ ರೀಲೂ ಬಂತು. ಚಿತ್ರದ ಟ್ರಿಕ್ ದೃಶ್ಯಗಳನ್ನು ಮದರಾಸಿನ ಸ್ಟುಡಿಯೋದಲ್ಲಿ ಹೇಗೆ ತೆಗೆದರೆಂದು ತೋರಿಸುವಂಥದ್ದು. ಕಡಲೆಂದರೆ ಸಿಮೆಂಟು ತೊಟ್ಟಿ, ಬೆಟ್ಟವೆಂದರೆ ಸುಣ್ಣ ಬಳಿದ ಗೋಣಿ. ದೇವಿಯ ಸೊಂಟದ ಪಟ್ಟಿಗೆ ತಂತಿ ಕಟ್ಟಿ ಮೇಲಕ್ಕೆಳೆದಿದ್ದರು. ಅವಳು ಕೈಯೆತ್ತಿ ಅಭಯ ಕೊಡುತ್ತಾ ನೇತಾಡುತ್ತಿದ್ದಳು. ಶಾಟ್ ಮುಗಿದು ಇಳಿಸಿದಾಗ ಭುಜ ಹಿಡಿದುಕೊಂಡು ಮುಖ ಕಿವುಚಿದಳು. ಜನಕ್ಕೂ ಸ್ವಲ್ಪ ಬುದ್ಧಿ ಬರಲಿ, ನನಗೆ ಗುಡಿಸುವ ಕೆಲಸವೂ ತಪ್ಪಲಿ ಎಂದು ಅದನ್ನೇ ಮೊದಲು ಓಡಿಸಿದೆ.

ಬುದ್ಧಿ ಯಾರಿಗೂ ಬರಲಿಲ್ಲ. ಅರ್ಧ ಗಂಟೆ ಮುಂಚೆ ತಂತಿ ನೋಡಿದ್ದ ಜನವೇ, ದೇವಿ ಕಡಲಿನಿಂದ ಎದ್ದ ಕೂಡಲೇ ಕರ್ಪೂರ ಹಚ್ಚಿ ಕೈಯೆತ್ತಿ ನಿಂತರು. ಅವ್ವ ಒಬ್ಬಳೇ ಎತ್ತಲಿಲ್ಲ. ಎದ್ದೇನೋ ನಿಂತಳು, ಕೈ ಮಾತ್ರ ಪಕ್ಕದಲ್ಲೇ ಇಳಿಬಿದ್ದಿತ್ತು. ಪ್ರೊಜೆಕ್ಟರ್ ಕಿಂಡಿಯಿಂದ ನಾನು ಅದನ್ನೇ ನೋಡುತ್ತಿದ್ದೆ. ಅಪ್ಪ ಸತ್ತಾಗಲೂ ಅವಳು ಬಿಡದಿದ್ದ ದೇವರನ್ನು ಹತ್ತು ನಿಮಿಷದ ರೀಲಿನಲ್ಲಿ ಕಿತ್ತುಕೊಂಡೆನಲ್ಲ!

ಮರುದಿನ ಬೆಳಿಗ್ಗೆ ಕೇಳಿಯೇಬಿಟ್ಟೆ. "ಅವ್ವಾ, ಆ ರೀಲು ನೋಡಿ ಸಾಮಿ ಮ್ಯಾಲೆ ನಂಬಿಕೆ ಹೋಯ್ತಾ? ಯಾಕೆ ಕೈಯೆತ್ತಿ ಕುಂಬಿಡ್ಲಿಲ್ಲ?"

"ನಂಬಿಕೆ ಯಾಕಪ್ಪಾ ಹೋಯ್ತದೆ? ಪಾವ, ದೇವಿ ಏಸ ಹಾಕಿದ್ದ ಆ ಪೊಣ್ಣು ನಮ್ಗೋಸ್ಕರ ಅಷ್ಟೊತ್ತು ಕೈ ಎತ್ಕಂಡು ತೂಗಾಡ್ತು. ಅದ್ಕೂ ನನ್ನಂಗೇ ತೋಳು ನೊಂದಿರ್ತದೆ." ಭುಜ ನೀವಿಕೊಳ್ಳುತ್ತಾ ಹೇಳಿದಳು. "ನನ್ಗೆ ಎತ್ತಕ್ಕೇ ಆಗಲ್ಲಪ್ಪಾ. ಹೋದ ಕೊಯ್ಲಿಂದ ಕೈ ಕಿವಿ ದಾಟಿ ಮ್ಯಾಲಕ್ಕೆ ಬರಲ್ಲ."

"ಮತ್ತೆ ತೋಟದಾಗೆ?"

"ಕೆಳ್ಗೆ ಉದ್ರಿದ್ ಹಣ್ಣು ಆಯ್ಕಂತೀನಿ."

ದೀಪದ ಬುಡ ಕತ್ತಲು ಅನ್ನುತ್ತಾರೆ. ಮದರಾಸಿನ ಯಾವಳೋ ಭುಜ ಹಿಡಿದುಕೊಂಡದ್ದನ್ನು ಕಂಡವನಿಗೆ ಮನೆಯಲ್ಲಿದ್ದದ್ದು ಕಂಡಿರಲಿಲ್ಲ. ನಾಚಿಕೆಯಾಯಿತು. ಬಾಚಣಿಗೆ ತಂದು ಅವಳ ಹಿಂದೆ ಕೂತೆ. ಅಭ್ಯಾಸವಿಲ್ಲದ ಕೈ, ಸಿಕ್ಕು ಬಿಡಿಸಲಾಗದೆ ಜೋರಾಗಿ ಎಳೆದುಬಿಟ್ಟೆ. ಅವ್ವ "ಹಾ" ಎನ್ನಲೂ ಇಲ್ಲ.